ಮರುದಿನವೇ ಹೋದ ನೋವು

"ಈ ಡಬ್ಬಿ ನಿಂದಲ್ಲ ಚಿತ್ತೇಶ. ಮುಚ್ಚಳ ನೋಡು, ಹದಿನೇಳು ಅಂತ ಬರೆದಿದೆ. ನಿನ್ನ ನಂಬರ್ ಇಪ್ಪತ್ಮೂರು."

ಸಬ್ ಇನ್‌ಸ್ಪೆಕ್ಟರ್ ಗಿರಿಜಾಂಬಿಕಾ ಆ ಬಿಳಿ ಪ್ಲಾಸ್ಟಿಕ್ ಮಾತ್ರೆ ಡಬ್ಬಿಯನ್ನು ಕೊಬ್ಬರಿ ಚೀಲದ ಮೇಲಿಟ್ಟು ಕೈ ಕಟ್ಟಿ ನಿಂತಳು. ಹೊನ್ನವಳ್ಳಿಯ ತೋಟದ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಅವಳು ಒಮ್ಮೆ ತಿರುಗಿ ದಿಟ್ಟಿಸಿದ ಮೇಲೆ ಮಟ್ಟೆ ಸೀಳುವ ಸದ್ದು ಮತ್ತೆ ಶುರುವಾಯಿತು.

ಗುರುವಾರ ಬೆಳಗ್ಗೆ ಇದೇ ತೋಟದ ಮರದಿಂದ ಬಿದ್ದ ಎತ್ತಪ್ಪ, ಶನಿವಾರವಾದರೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಹದಿನೇಳನೇ ಡಬ್ಬಿ ಅವನದು. ಸಿಕ್ಕಿದ್ದು ಮಾತ್ರ ಅವನ ಚಿಕ್ಕಪ್ಪನ ಮಗ ಚಿತ್ತೇಶನ ಮನೆಯ ಅಟ್ಟದ ಮೇಲೆ.

"ನಂಗೇನ್ ಗೊತ್ತು ಮೇಡಂ? ಕ್ಲಿನಿಕ್‌ನೋರು ಅದಲು ಬದಲು ಮಾಡಿ ಕೊಟ್ಟಿರ್ಬೇಕು."

"ಹೌದಾ? ಹಾಗಾದ್ರೆ ಈ ಅಂಗಿ ಯಾವಾಗ ಹಾಕ್ಕೊಂಡೆ?"

ಚಿತ್ತೇಶ ತನ್ನ ಅಂಗಿಯನ್ನೇ ನೋಡಿಕೊಂಡ. ಉದ್ದ ತೋಳಿನ ನೀಲಿ ಅಂಗಿ. ಬಲಗೈಯ ಮಣಿಕಟ್ಟಿನ ತನಕ ಗುಂಡಿ ಹಾಕಿತ್ತು.

ಮೂರು ವರ್ಷದ ಕೆಳಗೆ ಮಚ್ಚು ಜಾರಿ ಆ ಮಣಿಕಟ್ಟಿಗೆ ಬಿದ್ದಿತ್ತು. ಗಾಯ ಎರಡೇ ತಿಂಗಳಲ್ಲಿ ಮಾಗಿತು. ನೋವು ಮಾಗಲಿಲ್ಲ. ಫ್ಯಾನಿನ ಗಾಳಿ ತಾಗಿದರೂ ಕೆಂಡ ಇಟ್ಟ ಹಾಗೆ, ಬಟ್ಟೆ ಸೋಕಿದರೂ ಚೇಳು ಕುಟುಕಿದ ಹಾಗೆ. ಮದುವೆ ಮನೆಗೂ ಬನಿಯನ್ನಿನಲ್ಲೇ ಹೋಗುತ್ತಿದ್ದ ಮನುಷ್ಯ. ಇದನ್ನು ಗಿರಿಜಾಂಬಿಕಾಗೆ ಹೇಳಿದ್ದು ಎತ್ತಪ್ಪನ ಹೆಂಡತಿ ಭಾಗ್ಯ. ಅವಳು ಬೇರೇನೋ ಹೇಳಲು ಹೋಗಿ, ಅಳುತ್ತಾ, ಮಾತಿನ ನಡುವೆ ಇದನ್ನೂ ಹೇಳಿದ್ದಳು.

"ಯಾವಾಗ ಹಾಕ್ಕೊಂಡೆ ಅಂತ ಕೇಳ್ದೆ."

"ನೆನ್ನೆ," ಎಂದ ಚಿತ್ತೇಶ. "ಗುರುವಾರನೂ ಹಾಕ್ಕೊಂಡಿದ್ದೆ."

"ಅಂದ್ರೆ ಡಬ್ಬಿ ಬದಲಾಯ್ಸಿದ್ದು ಬುಧವಾರ."

ಅವನು ಸುಲಿದ ಕಾಯಿಯ ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಆಮೇಲೆ ಬಾಯಿ ಬಿಟ್ಟವನು ನಿಲ್ಲಿಸಲೇ ಇಲ್ಲ.

"ಎತ್ತಣ್ಣಂಗೆ ಭುಜದ ನರ, ನಂಗೆ ಕೈ ನರ. ಇಬ್ರೂ ಸಂಜೆ ಹೊತ್ತು ಜಗಲಿ ಮೇಲೆ ಕೂತ್ಕಂಡು ಒದ್ದೆ ಬಟ್ಟೆ ಸುತ್ಕಳವು. ಹೆಂಡ್ರಿಗೆ ಹೇಳಿದ್ರೆ ನಾಟಕ ಅನ್ನೋರು. ಗಾಯನೇ ಇಲ್ಲ, ನೋವೆಲ್ಲಿಂದ ಬತ್ತದೆ ಅನ್ನೋರು. ನನ್ ನೋವು ಗೊತ್ತಿದ್ದೋನು ಈ ಭೂಮಿ ಮೇಲೆ ಅವನೊಬ್ಬನೇ ಮೇಡಂ. ತಿಪಟೂರು ಕ್ಲಿನಿಕ್ಕಿನ ಗಾನವಿ ಮೇಡಂ ಬಂದು ಹೊಸ ಮದ್ದು ಪರೀಕ್ಷೆ ಮಾಡ್ತೀವಿ ಅಂದಾಗ ಇಬ್ರೂ ಒಟ್ಗೇ ಹೆಬ್ಬೆಟ್ಟು ಒತ್ತುದ್ವಿ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಖಾಲಿ ಮಾತ್ರೆ, ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ ಅಂದಿದ್ರು. ಸರಿ ಅಂದ್ವಿ. ಎರಡು ತಿಂಗಳು ಇಬ್ರಿಗೂ ಏನೂ ಆಗ್ಲಿಲ್ಲ. ಹೋದ ತಿಂಗ್ಳು ಹೊಸ ಡಬ್ಬಿ ಕೊಟ್ರಲ್ಲ, ಮಾರನೇ ದಿನಕ್ಕೇ ಅವನ ನೋವು ಹೋಯ್ತು."

"ಮಾರನೇ ದಿನಕ್ಕೆ?"

"ಹೂಂ ಮೇಡಂ. ಸಿಳ್ಳೆ ಹೊಡ್ಕಂಡು ಬಂದ. 'ಲೇ ಚಿತ್ತ, ಹೋಯ್ತು ಕಣ್ಲಾ, ಎಲ್ಲಾ ಹೋಯ್ತು' ಅಂದ. ನಂಗೂ ಸಂತೋಷ ಆಯ್ತು ಅಂದೆ. ಸುಳ್ಳು. ಆಗ್ಲಿಲ್ಲ." ಅವನು ಎಡಗೈಯಿಂದ ಮುಖ ಒರೆಸಿಕೊಂಡ. "ಅವನು ಮರ ಹತ್ತೋಕೆ ಶುರು ಮಾಡ್ದ. ಜಗಲಿಗೆ ಬರೋದು ಬುಟ್ಟ. ನಾನೊಬ್ನೇ ಕೂತಿರ್ತಿದ್ದೆ. ಇಬ್ರಿಗೂ ನೋವಿದ್ದಾಗ ಹೆಂಗೋ ನಡೀತಿತ್ತು ಮೇಡಂ. ಅವನ್ದು ಹೋಗಿ ನನ್ದು ಉಳಿದ ಮೇಲೆ ತಡ್ಕಳಾಕೆ ಆಗ್ಲಿಲ್ಲ. ಅವನ ಸಿಳ್ಳೆ ಕೇಳಿದ್ರೆ ಎದ್ದು ಒಳಕ್ಕೋಗ್ತಿದ್ದೆ."

ಇನ್ನೊಬ್ಬರ ಸುಖ ಸಹಿಸಲಾಗದಿರುವುದು ಏನೆಂದು ಗಿರಿಜಾಂಬಿಕಾಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಬುಧವಾರ ಸಾಯಂಕಾಲ ಅವನ ಮನೆಗೆ ಹೋಗಿ ಗೂಡಿನಾಗಿದ್ದ ಡಬ್ಬಿ ತಗಂಡು ನಂದು ಇಟ್ಟೆ. ಅವನಿಗೆ ನಿಜವಾದ್ದು ಬಂದದೆ, ನಂಗೆ ಖಾಲೀದು ಬಂದದೆ ಅಂತ ಗೊತ್ತಾಗಿತ್ತಲ್ಲ. ನಾಕು ದಿನ ನಾನೂ ನೋವಿಲ್ದೆ ಇರ್ತೀನಿ, ಆಮೇಲೆ ವಾಪಸ್ ಇಡ್ತೀನಿ ಅಂದ್ಕಂಡೆ. ಅವನು ಬೀಳ್ತಾನೆ ಅಂತ ದೇವರಾಣೆಗೂ ಅಂದ್ಕಂಡಿರಲಿಲ್ಲ."

"ನಿನಗೆ ಎಷ್ಟು ದಿನಕ್ಕೆ ಕಮ್ಮಿ ಆಯ್ತು?"

"ದಿನ ಏನು ಬಂತು ಮೇಡಂ! ಉಂಡು ಮಾತ್ರೆ ನುಂಗ್ದೆ. ಒಂದ್ ಗಂಟೇಲಿ ಕೈ ನಂದೇ ಅಲ್ಲ ಅನ್ನಂಗಾಯ್ತು. ಮೂರು ವರ್ಷ ಆದ್ಮೇಲೆ ನಿದ್ದೆ ಮಾಡಿದೀನಿ."

ಅವಳು ಡಬ್ಬಿ ತೆರೆದು ಎಣಿಸಿದಳು. ನಾಲ್ಕು ಕ್ಯಾಪ್ಸೂಲ್ ಉಳಿದಿದ್ದವು. ಅದನ್ನು ಸಾಕ್ಷ್ಯದ ಲಕೋಟೆಗೆ ಹಾಕುತ್ತಿದ್ದಂತೆ ಚಿತ್ತೇಶ ಎದ್ದು ನಿಂತ. ಎರಡೂ ಕೈ ಜೋಡಿಸಿದ.

"ನನ್ನ ಕರ್ಕೊಂಡೋಗಿ ಮೇಡಂ, ಜೈಲಿಗೆ ಹಾಕಿ. ಆ ನಾಲ್ಕು ಮಾತ್ರೆ ಮಾತ್ರ ನಂಗೆ ಬುಟ್ಬುಡಿ."

ಅವನ ಕಣ್ಣಲ್ಲಿ ನೀರಿತ್ತು. ಅಣ್ಣ ಆಸ್ಪತ್ರೆಯಲ್ಲಿ ಬಿದ್ದಿರುವಾಗಲೂ ಇವನು ಮಾತ್ರೆ ಕೇಳುತ್ತಿದ್ದಾನೆ. ಅಸಹ್ಯ ಪಡಬೇಕೋ ಮರುಗಬೇಕೋ ಅವಳಿಗೆ ತಿಳಿಯಲಿಲ್ಲ. ಕಾನ್‌ಸ್ಟೇಬಲ್‌ನನ್ನು ಕರೆದು, "ಇವನನ್ನ ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಏನು ನುಂಗಿದಾನೆ ಅಂತ ರಕ್ತ ಪರೀಕ್ಷೆ ಮಾಡಿಸಿ. ಠಾಣೆ ಆಮೇಲೆ," ಎಂದಳು.

ಜೀಪು ತಿಪಟೂರಿನ ದಾರಿ ಹಿಡಿಯಿತು. ಎರಡೂ ಕಡೆ ತೆಂಗಿನ ತೋಟ. ಬೋರ್‌ವೆಲ್ ನೀರು ಪಾತಿಗೆ ಹರಿಯುತ್ತಿತ್ತು. ಮುಂದೆ ಹೋಗುತ್ತಿದ್ದ ಬಸ್ಸಿನ ಹೊಗೆಗೆ ಡ್ರೈವರ್ ಗೊಣಗಿದ. ಅವಳ ತಲೆಯಲ್ಲಿ ಒಂದೇ ಹೆಸರು ಕೂತಿತ್ತು, ಗಾನವಿ.

ತಿಪಟೂರಿನ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಕೊನೆಯ ವರ್ಷ ಪ್ರಾಣಿಶಾಸ್ತ್ರದಲ್ಲಿ ಗಿರಿಜಾಂಬಿಕಾಗೆ ಎರಡು ಅಂಕ ಹೆಚ್ಚು ಬಂದಿತ್ತು. ಆದರೂ ಸಂಶೋಧನೆಗೆ ಹೋದವಳು ಗಾನವಿ. ಪೇಪರಿನಲ್ಲಿ ಫೋಟೋ ಬಂದದ್ದು ಗಾನವಿಯದು. 'ನೋವಿನ ಗುಟ್ಟು ಹುಡುಕುವ ನಮ್ಮೂರ ಹುಡುಗಿ' ಎಂದು ಕಾಲೇಜಿನವರು ಶಾಲು ಹೊದಿಸಿದ್ದೂ ಅವಳಿಗೇ. ಹೆಸರಿನಲ್ಲೂ ಅಷ್ಟೇ. ಅವಳ ಮನೆಯವರು ಹುಡುಕಿ ಹುಡುಕಿ ಗಾನವಿ ಎಂದಿಟ್ಟರು, ಇವಳಿಗೆ ಅಜ್ಜಿಯ ಹೆಸರನ್ನೇ ತಂದು ಅಂಟಿಸಿದರು.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ಗಂಡ ಬಸವಕುಮಾರನ ವಿಷಯ ಮಾತ್ರ ಗಂಟಲಲ್ಲೇ ನಿಂತಿತ್ತು. ಅವನ ಮನೆಯವರು ಮೊದಲು ಹೆಣ್ಣು ಕೇಳಿದ್ದು ಗಾನವಿಯನ್ನು. ಅವಳು ಓದಬೇಕು ಅಂತ ಬೇಡ ಅಂದ ಮೇಲೆ, ಅದೇ ಬಾಳೆಹಣ್ಣು ಅದೇ ತೆಂಗಿನಕಾಯಿ ಗಿರಿಜಾಂಬಿಕಾಳ ಮನೆಗೆ ಬಂದವು. ಬಸವಕುಮಾರ ಒಳ್ಳೆಯವನೇ. ಆದರೆ ಟೀವಿಯಲ್ಲೋ ಪೇಪರಿನಲ್ಲೋ ಗಾನವಿ ಕಂಡರೆ ಅವನು ಒಂದು ಕ್ಷಣ ಜಾಸ್ತಿ ನೋಡುತ್ತಾನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಆ ಒಂದು ಕ್ಷಣವನ್ನು ಅವಳು ಆರು ವರ್ಷದಿಂದ ಅಳೆಯುತ್ತಲೇ ಇದ್ದಳು.

ಈ ಕೇಸಿನಲ್ಲಿ ಗಾನವಿಯ ತಪ್ಪು ಸಿಗಲಿ ಎಂದು ತನ್ನ ಮನಸ್ಸು ಹಾರೈಸುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಾರೈಕೆ ನಿಲ್ಲುತ್ತಿರಲಿಲ್ಲ.

ನೋವು ಚಿಕಿತ್ಸಾ ಕೇಂದ್ರದ ಮಹಡಿಯ ಕೋಣೆಯಲ್ಲಿ ಗಾನವಿ ಕಾಗದಗಳ ನಡುವೆ ಕೂತಿದ್ದಳು. ಎರಡು ದಿನದಿಂದ ತಲೆ ಬಾಚಿದಂತಿರಲಿಲ್ಲ. ಎದ್ದು, "ಬಾರೇ ಗಿರಿಜಾ. ಎತ್ತಪ್ಪ ಹೇಗಿದಾರೆ?" ಎಂದಳು.

"ಹಾಗೇ ಇದಾನೆ." ಗಿರಿಜಾಂಬಿಕಾ ಕುರ್ಚಿ ಎಳೆದುಕೊಂಡಳು. "ನಿನ್ನ ಮದ್ದು ಕೆಲಸ ಮಾಡೋಕೆ ಎಷ್ಟು ದಿನ ಬೇಕು?"

"ಹತ್ತು ಹನ್ನೆರಡು ದಿನ. ಕೆಲವರಿಗೆ ಇನ್ನೂ ಜಾಸ್ತಿ."

"ಒಂದು ಗಂಟೇಲಿ ಆಗಲ್ವಾ?"

ಗಾನವಿ ನಕ್ಕೇಬಿಟ್ಟಳು. "ಹೇಗೆ ಆಗುತ್ತೆ? ನರಕ್ಕೆ ಪೆಟ್ಟು ಬಿತ್ತು ಅಂದ್ಕೋ. ಆ ನರಕೋಶ ಒಂದು ರಾಸಾಯನಿಕ ಹೊರಗೆ ಬಿಡುತ್ತೆ. ಬೆನ್ನುಹುರಿಯಲ್ಲಿ ಅದರ ಸುತ್ತ ಗ್ಲಿಯಾ ಅನ್ನೋ ಬೇರೆ ಕೋಶಗಳಿವೆ. ನರಕೋಶಗಳನ್ನ ನೋಡಿಕೊಳ್ಳೋದು ಅವುಗಳ ಕೆಲಸ. ಆ ರಾಸಾಯನಿಕ ತಾಗಿದ್ರೆ ಅವು ಕೆರಳ್ತವೆ. ಕೆರಳಿ ತಮ್ಮ ರಾಸಾಯನಿಕ ಬಿಡ್ತವೆ. ಅದು ನರಕೋಶವನ್ನ ಇನ್ನೂ ಸೂಕ್ಷ್ಮ ಮಾಡುತ್ತೆ, ಅದು ಮತ್ತೆ ಬಿಡುತ್ತೆ, ಇವು ಮತ್ತೆ ಕೆರಳ್ತವೆ. ಚರ್ಮದ ಮೇಲೆ ಗಾಯ ಮಾಗಿ ವರ್ಷ ಆಗಿದ್ರೂ ಒಳಗೆ ಇದು ನಿಲ್ಲಲ್ಲ. ಅದಕ್ಕೇ ಅಂಗಿ ಸೋಕಿದ್ರೂ ಬೆಂಕಿ."

"ನಿನ್ನ ಮದ್ದು ಗ್ಲಿಯಾನ ಸುಮ್ಮನಾಗಿಸುತ್ತೆ."

"ಹೂಂ. ನಿಧಾನಕ್ಕೆ. ನಿಲ್ಲಿಸಿದ್ರೂ ಅಷ್ಟೇ, ನೋವು ತಿರುಗಿ ಬರೋಕೆ ದಿನಗಳು ಹಿಡಿಯುತ್ತೆ."

ಗಿರಿಜಾಂಬಿಕಾಗೆ ಪ್ರತಿಯೊಂದು ಮಾತೂ ಅರ್ಥವಾಯಿತು. ಅರ್ಥವಾದದ್ದಕ್ಕೇ ಒಳಗೆ ಉರಿಯಿತು. ಈ ಕುರ್ಚಿಯಲ್ಲಿ ಕೂತು ಇದನ್ನು ತಾನೂ ಹೇಳಬಹುದಿತ್ತು. ಅವಳು ಲಕೋಟೆಯಿಂದ ಹದಿನೇಳನೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ಎತ್ತಪ್ಪನ ನೋವು ಮಾರನೇ ದಿನಕ್ಕೇ ಹೋಯ್ತು. ಇದನ್ನ ಕದ್ದು ನುಂಗಿದ ಚಿತ್ತೇಶನ ನೋವು ಒಂದು ಗಂಟೇಲಿ ಹೋಯ್ತು. ಡಬ್ಬಿ ಬದಲಾದ ಮಾರನೇ ಬೆಳಗ್ಗೆಯೇ ಎತ್ತಪ್ಪನ ನೋವು ವಾಪಸ್ ಬಂತು, ಮರದ ಮೇಲೇ ಬಂತು. ಈಗ ನೀನೇ ಹೇಳು, ಇದು ನಿನ್ನ ಮದ್ದಾ?"

ಗಾನವಿಯ ಮುಖದಿಂದ ನಗು ಇಳಿಯಿತು.

"ಇನ್ನೊಂದು ಕೇಳು," ಎಂದಳು ಗಿರಿಜಾಂಬಿಕಾ. "ಗುರುವಾರ ಬೆಳಗ್ಗೆ ಅವನಿಗೆ ಆಕಳಿಕೆ ಮೇಲೆ ಆಕಳಿಕೆ ಬರ್ತಿತ್ತಂತೆ. ಮೂಗು ಸೋರ್ತಿತ್ತು, ಮೈಯೆಲ್ಲ ಬೆವರು, ಕೈ ನಡುಗ್ತಿತ್ತು. ಜ್ವರ ಇರ್ಬೇಕು, ಹೋಗ್ಬೇಡ ಅಂದ್ಲಂತೆ ಭಾಗ್ಯ. ಕೇಳದೆ ಹೋದ."

ಗಾನವಿ ಎರಡು ಬೆರಳಲ್ಲಿ ಡಬ್ಬಿಯನ್ನು ಮುಟ್ಟಿ, ಬಿಸಿ ತಾಗಿದಂತೆ ಕೈ ಹಿಂದೆಗೆದಳು.

"ಅಫೀಮಿನ ಜಾತಿಯ ಮದ್ದು," ಎಂದಳು ಮೆಲ್ಲಗೆ. "ಪರೀಕ್ಷೆ ಮಾಡಿಸಿದ್ರೇನೇ ಖಚಿತ. ಆದ್ರೆ ನೀನು ಹೇಳಿದ್ದೆಲ್ಲ ಅದು ದಿಢೀರ್ ನಿಂತಾಗ ಆಗೋದು. ಆ ಮದ್ದು ನೋವನ್ನ ಮುಚ್ಚುತ್ತೆ ಅಷ್ಟೇ ಕಣೇ. ದಿನ ಕಳೆದ ಹಾಗೆ ಅದೇ ಗ್ಲಿಯಾನ ಇನ್ನಷ್ಟು ಕೆರಳಿಸುತ್ತೆ. ನಿಂತ ದಿನ ನೋವು ಮೊದಲಿದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತೆ. ಅರವತ್ತಡಿ ಎತ್ತರದಲ್ಲಿ ಅದು ಬಂದಿದ್ರೆ..."

ಅವಳು ಕಾಗದದ ರಾಶಿಯಲ್ಲಿ ಏನನ್ನೋ ಹುಡುಕತೊಡಗಿದಳು.

"ಎತ್ತಪ್ಪ ಒಬ್ಬರೇ ಅಲ್ಲ," ಎಂದಳು.

"ಅಂದ್ರೆ?"

"ಹೋದ ತಿಂಗಳು ನಲವತ್ತು ಜನರಲ್ಲಿ ಒಂಬತ್ತು ಜನ ಮಾರನೇ ದಿನಕ್ಕೇ ನೋವು ಹೋಯ್ತು ಅಂದ್ರು. ಎರಡು ತಿಂಗಳು ಯಾರಿಗೂ ಏನೂ ಆಗಿರಲಿಲ್ಲ ಗಿರಿಜಾ. ನಾನು ಸೋತೆ ಅಂದ್ಕೊಂಡಿದ್ದೆ. ಒಂಬತ್ತು ಜನ ನಕ್ಕಾಗ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಇಷ್ಟು ಬೇಗ ಹೇಗಾಯ್ತು ಅಂತ ಕೇಳಲೇ ಇಲ್ಲ. ಕೇಳೋಕೆ ಇಷ್ಟ ಇರಲಿಲ್ಲ." ಅವಳು ತಲೆ ಎತ್ತಿದಳು. "ಮೂವತ್ತು ದಿನದ ಡಬ್ಬಿ. ಮಂಗಳವಾರ ಎಲ್ಲರದೂ ಮುಗಿಯುತ್ತೆ. ಉಳಿದ ಎಂಟು ಜನಾನೂ ಮರ ಹತ್ತೋರೇ."

ಮುಂದಿನ ಅರ್ಧ ಗಂಟೆ ಇಬ್ಬರೂ ಬೇರೆ ಮಾತಾಡಲಿಲ್ಲ. ಗಾನವಿ ಒಂದು ಫೋನಿನಲ್ಲಿ, ಗಿರಿಜಾಂಬಿಕಾ ಇನ್ನೊಂದರಲ್ಲಿ. ಮರ ಹತ್ತಬೇಡಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಬ್ಬಿ ತಗೊಂಡು ಈಗಲೇ ಆಸ್ಪತ್ರೆಗೆ ಬನ್ನಿ. ತುರುವೇಕೆರೆ ಕಡೆಯ ಕಾಡಸಿದ್ದಪ್ಪ ಎಂಬುವನು ಮರದ ಮೇಲಿಂದಲೇ ಫೋನ್ ಎತ್ತಿದ. ಅವನು ಇಳಿಯುವ ತನಕ ಗಾನವಿ ಫೋನ್ ಇಡಲಿಲ್ಲ. "ಇಳಿದ್ರಾ? ನೆಲ ಮುಟ್ಟಿದ್ರಾ?" ಎಂದು ಕೇಳುತ್ತಲೇ ಇದ್ದಳು. ಮುಟ್ಟಿದೆ ಕಣವ್ವ ಎಂದ ಮೇಲೆ ಮುಖ ಮುಚ್ಚಿಕೊಂಡಳು.

ಗಿರಿಜಾಂಬಿಕಾ ಅದನ್ನು ನೋಡಿದಳು. ನಾಟಕ ಎಂದುಕೊಳ್ಳಲು ಪ್ರಯತ್ನಪಟ್ಟಳು.

"ಮಾತ್ರೆ ಇಡೋ ಕೋಣೆ ಬೀಗದ ಕೈ ಯಾರತ್ರ ಇರುತ್ತೆ?"

"ಒಂದು ನನ್ನತ್ರ. ಒಂದು ನಾಗಭೂಷಣ ಸರ್ ಹತ್ರ, ಈ ಕೇಂದ್ರ ಅವರದೇ. ಭಾನುವಾರ ಮಾತ್ರ ಅವರ ಬೀಗದ ಕೈ ಕೆಳಗೆ ಕಾವಲುಗಾರನತ್ರ ಇರುತ್ತೆ. ಬೆಂಗಳೂರಿಂದ ಡಬ್ಬಿಗಳು ಮೊಹರು ಹಾಕಿಯೇ ಬರ್ತವೆ. ಯಾರೇ ಮುಟ್ಟಿದ್ರೂ ಈ ಪುಸ್ತಕದಲ್ಲಿ ಬರೆದು ಸಹಿ ಮಾಡ್ಬೇಕು."

ಗಿರಿಜಾಂಬಿಕಾ ಪುಸ್ತಕ ಎಳೆದುಕೊಂಡು ಪುಟ ತಿರುಗಿಸಿದಳು. ಜೂನ್ ತಿಂಗಳ ಪುಟದಲ್ಲಿ ಬೆರಳು ನಿಂತಿತು. ಒಂಬತ್ತು ನಂಬರುಗಳು ಒಂದರ ಕೆಳಗೊಂದು. ಎರಡನೆಯದು ಹದಿನೇಳು. ಎಲ್ಲದರ ಎದುರೂ ಒಂದೇ ಒಕ್ಕಣೆ: 'ಮೊಹರು ಸಡಿಲವಾಗಿತ್ತು, ಹೊಸದು ಹಾಕಿದೆ.' ಕೆಳಗೆ ಗಾನವಿಯ ಸಹಿ. ಕಾಲೇಜಿನ ದಿನದಿಂದ ನೋಡಿದ ಸಹಿ. ಕೊನೆಯ ಅಕ್ಷರದ ಬಾಲ ಎಡಕ್ಕೆ ತಿರುಗುವುದೂ ಹಾಗೇ ಇತ್ತು.

"ಇದು ನಿನ್ನದಲ್ವಾ?"

ಗಾನವಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ನನ್ನದೇ ಥರ ಇದೆ. ಆದ್ರೆ ನಾನು ಮಾಡಿಲ್ಲ."

ಗಿರಿಜಾಂಬಿಕಾಳ ಎದೆಯಲ್ಲಿ ಏನೋ ತಣ್ಣಗೆ ಹರಿಯಿತು. ಇಷ್ಟು ವರ್ಷ ಕಾದ ಗಳಿಗೆ ಇದೇ. ಸೋಲುತ್ತಿದ್ದ ಸಂಶೋಧನೆ, ಗೆಲ್ಲಲೇಬೇಕಾದ ಹುಡುಗಿ, ಬೀಗದ ಕೈ, ಸಹಿ. ಇನ್ನೇನು ಬೇಕು? ನಾಳೆಯ ಪೇಪರಿನಲ್ಲೂ ಫೋಟೋ ಬರುತ್ತದೆ. ಬಸವಕುಮಾರ ಅದನ್ನೂ ಒಂದು ಕ್ಷಣ ಜಾಸ್ತಿ ನೋಡಲಿ.

"ಆ ಹೊತ್ತಿಗೆ ಎಲ್ಲಿದ್ದೆ ಹೇಳು ಹಾಗಾದ್ರೆ."

"ಯಾವತ್ತು ಅದು?"

ಗಿರಿಜಾಂಬಿಕಾ ಆಗ ತಾರೀಖು ಓದಿದಳು. ಜೂನ್ ಎಂಟು, ಭಾನುವಾರ, ಮಧ್ಯಾಹ್ನ ಮೂರು ಗಂಟೆ.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು.

"ಭಾನುವಾರ..." ಗಾನವಿ ಹಣೆ ಉಜ್ಜಿಕೊಂಡಳು. "ಅವತ್ತು ನಾನು ಬೋರನಕಣಿವೆ ಅಣೆಕಟ್ಟಿಗೆ ಹೋಗಿದ್ದೆ. ಎಲ್ಲ ಬಿಟ್ಟು ರಾಜೀನಾಮೆ ಕೊಡೋದಾ ಅಂತ ಯೋಚನೆ ಮಾಡ್ತಾ ಏರಿ ಮೇಲೆ ಕೂತಿದ್ದೆ. ಒಬ್ಬಳೇ. ಎರಡು ಗಂಟೆಯಿಂದ ಸಂಜೆ ತನಕ. ಯಾರೂ ನೋಡಿಲ್ಲ ಗಿರಿಜಾ. ಸಾಕ್ಷಿ ಕೇಳಿದ್ರೆ ನನ್ನತ್ರ ಯಾರೂ ಇಲ್ಲ."

ಇತ್ತು ಸಾಕ್ಷಿ. ಮೇಜಿನ ಈಚೆ ಕಡೆ ಕೂತಿತ್ತು.

ಅವತ್ತು ಬಸವಕುಮಾರ, ಹುಳಿಯಾರಿನಲ್ಲಿ ಕೆಲಸ ಇದೆ, ಸಂಜೆ ಬರ್ತೀನಿ ಎಂದು ಹೊರಟಿದ್ದ. ಗಾನವಿಯ ಕಾರೂ ಅದೇ ದಾರಿ ಹಿಡಿದದ್ದು ಗಿರಿಜಾಂಬಿಕಾಳ ಕಣ್ಣಿಗೆ ಬಿತ್ತು. ಅವಳು ಕೆಂಕೆರೆಗೆ ವಿಚಾರಣೆಗೆ ಹೋಗುತ್ತೇನೆಂದು ಠಾಣೆಯ ಡೈರಿಯಲ್ಲಿ ಬರೆದು, ಮನೆಗೆ ಬಂದು ಯೂನಿಫಾರ್ಮ್ ಕಳಚಿ, ತಲೆಗೆ ದುಪಟ್ಟಾ ಸುತ್ತಿ ಸ್ಕೂಟರಿನಲ್ಲಿ ಹಿಂದೆ ಬಿದ್ದಿದ್ದಳು. ಏರಿಯ ಬಳಿ ಆ ಕಾರು ನಿಂತದ್ದು ಕಂಡು, ಕೆಳಗೆ ಜಾಲಿ ಪೊದೆಯ ಮರೆಯಲ್ಲಿ ನಾಲ್ಕು ಗಂಟೆ ಹೊತ್ತು ಬಿಸಿಲಲ್ಲಿ ನಿಂತು ನೋಡಿದ್ದಳು. ಬಸವಕುಮಾರ ಬರಲೇ ಇಲ್ಲ. ಯಾರೂ ಬರಲಿಲ್ಲ. ಗಾನವಿ ಒಬ್ಬಳೇ ಕೂತು ನೀರು ನೋಡಿದಳು, ಒಮ್ಮೆ ಅತ್ತಳು, ಎದ್ದು ಹೋದಳು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಇನ್‌ಸ್ಪೆಕ್ಟರ್ ಮರುಳಸಿದ್ದಯ್ಯ.

"ಏನಮ್ಮ, ಏನಾದ್ರೂ ಸಿಕ್ತಾ?"

"ಪುಸ್ತಕದಲ್ಲಿ ಸಹಿ ಸಿಕ್ಕಿದೆ ಸಾರ್. ಒಂಬತ್ತು ಡಬ್ಬಿ ಬದಲಾಗಿದೆ. ಜೂನ್ ಎಂಟನೇ ತಾರೀಖು, ಮೂರು ಗಂಟೆ."

"ಯಾರ ಸಹಿ?"

ಅವಳು ಗಾನವಿಯನ್ನು ನೋಡಿದಳು. ಗಾನವಿ ತೀರ್ಪು ಕೇಳಲು ನಿಂತವಳಂತೆ ಗೋಡೆಗೆ ಒರಗಿದ್ದಳು. ಒಂದು ಮಾತು ಸಾಕಿತ್ತು. ಒಂದು ಮಾತು ಆಡದೆ ಇದ್ದರೂ ಸಾಕಿತ್ತು.

ಅವಳಿಗೆ ಜಗಲಿಯ ಮೇಲೆ ಒಬ್ಬನೇ ಕೂತ ಚಿತ್ತೇಶ ಕಣ್ಣಿಗೆ ಬಂದ. ನಾಲ್ಕು ದಿನ ಅಷ್ಟೇ, ಆಮೇಲೆ ವಾಪಸ್ ಇಡ್ತೀನಿ ಅಂದುಕೊಂಡವನು.

"ಸಹಿ ಗಾನವಿಯದು ಅಂತ ಕಾಣುತ್ತೆ ಸಾರ್. ಆದ್ರೆ ಅವಳು ಮಾಡಿಲ್ಲ. ಆ ಹೊತ್ತಿಗೆ ಅವಳು ಬೋರನಕಣಿವೆಯಲ್ಲಿದ್ಲು. ನಾನೇ ನೋಡಿದೀನಿ." ಉಸಿರು ಎಳೆದುಕೊಂಡಳು. "ಅವತ್ತು ನಾನು ಕೆಂಕೆರೆಗೆ ಹೋಗಿರಲಿಲ್ಲ ಸಾರ್. ಡೈರಿಯಲ್ಲಿ ಸುಳ್ಳು ಬರೆದಿದ್ದೆ."

ಗೋಡೆಯ ಕಡೆಯಿಂದ ಗಾನವಿ ಮುಂದೆ ಬಂದಳು. ಅವಳ ಕಣ್ಣಲ್ಲಿ ಮೊದಲು ನೆಮ್ಮದಿ, ಆಮೇಲೆ ಪ್ರಶ್ನೆ.

ಫೋನಿನ ಆ ಕಡೆ ಪೆನ್ನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ಅಲ್ಲಿ ನಿಮ್ಮನ್ನ ಯಾರಾದ್ರೂ ನೋಡಿದಾರಾ?" ಎಂದರು ಮರುಳಸಿದ್ದಯ್ಯ. ಅವರ ದನಿಯಲ್ಲಿ ಈಗ 'ಅಮ್ಮ' ಇರಲಿಲ್ಲ.

"ಇಲ್ಲ ಸಾರ್. ಯಾಕೆ?"

"ಆ ಕ್ಲಿನಿಕ್ ಕಾವಲುಗಾರ ಹುಚ್ಚರಂಗಯ್ಯ ನನ್ನ ಮುಂದೆ ಕೂತಿದಾನೆ. ಹತ್ತು ನಿಮಿಷದ ಹಿಂದೆ ಹೇಳಿಕೆ ಕೊಟ್ಟ. ಆ ಭಾನುವಾರ ಮೂರು ಗಂಟೆಗೆ ಯೂನಿಫಾರ್ಮ್ ಹಾಕ್ಕೊಂಡ ಒಬ್ಬ ಲೇಡಿ ಪೊಲೀಸ್ ಬಂದು ಮಾತ್ರೆ ಕೋಣೆ ಬೀಗ ತೆಗೆಸಿದ್ರಂತೆ. ಎದೆ ಮೇಲಿನ ಹೆಸರಿನ ಪಟ್ಟಿ ಓದಿಕೊಂಡಿದಾನೆ."

"ಯಾವ ಹೆಸರು ಸಾರ್?"

"ನಿಮ್ಮದು. ಅಲ್ಲಿಂದ ಕದಲಬೇಡಿ. ನಾನೇ ಬರ್ತಿದೀನಿ."

ಫೋನ್ ಕಟ್ಟಾಯಿತು. ಅವತ್ತು ಮನೆಯಲ್ಲಿ ಕಳಚಿಟ್ಟ ಯೂನಿಫಾರ್ಮ್ ಸಂಜೆ ಬಂದಾಗ ಬೇರೆ ಮೊಳೆಗೆ ನೇತುಬಿದ್ದಿತ್ತಲ್ಲ ಎಂಬುದು ಗಿರಿಜಾಂಬಿಕಾಗೆ ಹೊಳೆದದ್ದು ಆಗ. ಆ ಹೊತ್ತಿನಲ್ಲಿ ಮನೆಯ ಬೀಗದ ಕೈ ಇದ್ದದ್ದು ಅವಳನ್ನು ಬಿಟ್ಟರೆ ಬಸವಕುಮಾರನ ಹತ್ತಿರ ಮಾತ್ರ.

ಗಾನವಿ ಮೇಜಿನ ಮೇಲಿದ್ದ ಪುಸ್ತಕವನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡು ಎದೆಗೆ ಅವುಚಿ ಹಿಡಿದಳು.

"ನೀನು ಬೋರನಕಣಿವೆಯಲ್ಲಿ ಏನು ಮಾಡ್ತಿದ್ದೆ ಗಿರಿಜಾ?" ಎಂದಳು.